ಕೆಂದನನ್ನು ಮಣ್ಣು ಮಾಡಿದ್ದು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಎತ್ತು ಕೆಂದ ಸತ್ತಿತು. ಅಪ್ಪ ತೀರಿಹೋಗುವ ಮುನ್ನ ಲಕ್ಷ್ಮೇಶ್ವರದ ಸಂತೆಯಿಂದ ತಂದ ಎತ್ತು ಅದು.

ಸತ್ತ ದನ ಎಳೆಯಲು ಕೇರಿಯ ದುರ್ಗಪ್ಪನನ್ನು ಕರೆಯುವುದು ನಮ್ಮೂರಿನ ರೂಢಿ. ದುರ್ಗಪ್ಪ ಬಂದ, ಎತ್ತಿನ ಹಣೆ ಸವರಿದ.

"ಸ್ವರಾಜ್ಯ ಬಂದ ಮ್ಯಾಲೆ ನಮ್ಮ ಕೇರಿಯವರು ಈ ಕೆಲಸ ಬಿಟ್ಟೀವ್ರಿ. ನೀವು ಹಗ್ಗ ಹಿಡಿದ್ರ ನಾನೂ ನನ್ನ ತಮ್ಮಂದಿರೂ ಹಿಡೀತೀವಿ. ನಾವಷ್ಟ ಹಿಡಿಯೂದಿಲ್ಲ."

ಅಪ್ಪನ ನಂತರ ಮನೆಯ ಯಜಮಾನನಾದ ಕಾಕಾ ಕಟ್ಟೆಯ ಮೇಲಿಂದಲೇ ನನ್ನನ್ನು ನೋಡಿ ನಕ್ಕ. "ಹಿಡಿಲೇ, ಹಿಡಿ. ಆಮ್ಯಾಲೆ ನನ್ನ ಮನಿ ಹೊಸ್ತಿಲಾ ದಾಟಬ್ಯಾಡ."

ಬಿಸಿಲು ಏರುತ್ತಿತ್ತು. ನಾಯಿಗಳು ಆಗಲೇ ಸುತ್ತುತ್ತಿದ್ದವು. ನಾನು ಹಗ್ಗ ಹಿಡಿದೆ. ಎಲ್ಲರೂ ಸೇರಿ ಹೊಲದವರೆಗೆ ಎಳೆದು, ಕುಣಿ ತೋಡಿ ಮಣ್ಣು ಮಾಡಿದೆವು.

ಸಂಜೆ ಬಂದರೆ ಕಾಕಾ ಬಾಗಿಲಲ್ಲೇ ನಿಂತಿದ್ದ. "ಕೆಂದನ್ನ ಕಟ್ಟೂ ಜಾಗಾ ಖಾಲಿ ಐತಲ್ಲ, ಅಲ್ಲೇ ಬಿದ್ಕೊ." ಅವ್ವ ಅವನ ಹಿಂದೆ ನಿಂತು ಕಣ್ಣು ಒರೆಸಿಕೊಂಡಳು.

ಅಲ್ಲಿಯೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕೆಂದನ ಜೋಡೆತ್ತು ಬೆಳಗಿನಿಂದ ಮೇವು ಮುಟ್ಟಿಲ್ಲ. ನನ್ನ ಕೈಯನ್ನು ಮೂಸುತ್ತದೆ, ನೆಕ್ಕುತ್ತದೆ, ಮತ್ತೆ ಮೂಸುತ್ತದೆ. ಇವತ್ತು ಈ ಮನೆಯಲ್ಲಿ ನನ್ನನ್ನು ಮುಟ್ಟಿದ್ದು ಅದೊಂದೇ.