ಹಸುವಿನ ಹೊಟ್ಟೆಯೊಳಗೆ ಕೈಯಿಟ್ಟ ಮೇವಿನಕ್ಕ

ಅವಳ ಹೆಸರು ಡೈರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಮೇವಿನಕ್ಕ. ಹತ್ತೊಂಬತ್ತು ವರ್ಷದಿಂದ ಅರವತ್ತು ಹಸುಗಳಿಗೆ ಮೇವು ಹಾಕಿದ ಕೈ ಅದು. ಯಾವ ಹಸು ನಿಧಾನಸ್ಥೆ, ಯಾವುದು ಪಕ್ಕದವಳ ಪಾಲಿಗೆ ಬಾಯಿ ಹಾಕುವ ಆಸೆಬುರುಕಿ ಎಂಬುದೆಲ್ಲ ಅವಳಿಗೆ ಕರತಲಾಮಲಕ.

ಹಾಲು ಕರೆಯುವಾಗ ಹಿಂಡಿ, ಜೋಳದ ನುಚ್ಚು, ಆಮೇಲೆ ಹುಲ್ಲು. ಅದು ಅವಳ ಪದ್ಧತಿ. ಹಾಲು ಹೆಚ್ಚಲೆಂದು ಆ ವರ್ಷ ನುಚ್ಚನ್ನು ಒಂದೂವರೆಪಟ್ಟು ಮಾಡಿದಳು. ಎರಡು ವಾರ ಹಾಲು ಏರಿತು. ಆಮೇಲೆ ಹಾಲಿನ ಜಿಡ್ಡು ಇಳಿಯಿತು, ಸಗಣಿ ನೀರಾಯಿತು, ಕೆಲವು ಹಸುಗಳು ಕುಂಟತೊಡಗಿದವು. ಎಲ್ಲಕ್ಕಿಂತ ಹೆಚ್ಚು ಕರೆಯುತ್ತಿದ್ದ ಕರಿ ಹಸು ಒಂದು ಬೆಳಿಗ್ಗೆ ಗೋದಲಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟಿತು.

ದನದ ಡಾಕ್ಟರಮ್ಮ ಬಂದವರೇ ಸೂಜಿ ತೆಗೆಯಲಿಲ್ಲ. ಮಲಗಿದ ಹಸುಗಳಲ್ಲಿ ಮೆಲುಕು ಹಾಕುವವು ಎಷ್ಟೆಂದು ನೋಡುತ್ತ ಅರ್ಧ ಗಂಟೆ ನಿಂತರು. ಇಪ್ಪತ್ತರಲ್ಲಿ ಬರೀ ಐದು. ನುಚ್ಚು ಹೆಚ್ಚಾಗಿ ಹೊಟ್ಟೆ ಹುಳಿಯಾಗಿದೆ, ಗೊರಸಿನ ನೋವೂ ಅದರಿಂದಲೇ ಅಂದರು. ಮೇವಿನಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ಒಂದು ದಿನವೂ ಹಸಿವಿನಿಂದಿರಿಸಿದವಳಲ್ಲ, ಅತಿಯಾಗಿ ಕೊಟ್ಟದ್ದೇ ತಪ್ಪೆಂದರೆ ಹೇಗೆ ನುಂಗುವುದು? ಡಾಕ್ಟರಮ್ಮ ವಾದಕ್ಕಿಳಿಯಲಿಲ್ಲ. ಮರುದಿನ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ತಾವು ಪಾಠ ಹೇಳುವ ಕಾಲೇಜಿಗೆ ಹೋದರು.

ಅಲ್ಲೊಂದು ಹಸು. ಅದರ ಎಡ ಪಕ್ಕೆಯಲ್ಲಿ ತಟ್ಟೆಯಗಲದ ರಬ್ಬರ್ ಮುಚ್ಚಳ. ಕಲಿಯುವವರಿಗಾಗಿ ಹಿಂದೆಂದೋ ಆಪರೇಷನ್ ಮಾಡಿ ಇಟ್ಟ ಕಿಟಕಿಯದು.

“ಕೈ ಹಾಕು. ಅವಳಿಗೆ ನೋವಾಗಲ್ಲ,” ಎಂದರು ಡಾಕ್ಟರಮ್ಮ.

ಉದ್ದನೆಯ ಕೈಗವಸು ತೊಟ್ಟು ಮೇವಿನಕ್ಕ ಭುಜದವರೆಗೆ ಕೈಯಿಳಿಸಿದಳು. ಎಂಥ ಬಿಸಿ! ಮೇಲೆ ಹಾಸಿಗೆಯಂತೆ ತೇಲುವ ಹುಲ್ಲು, ಕೆಳಗೆ ಗಂಜಿಯಂಥ ದ್ರವ. ಅಷ್ಟರಲ್ಲಿ ಹೊಟ್ಟೆಯ ಗೋಡೆಯೇ ಅಲುಗಿ, ತೋಳನ್ನು ಮೆಲ್ಲಗೆ ಅಮುಕಿ ಬಿಟ್ಟಿತು. ನಿಮಿಷದೊಳಗೆ ಮತ್ತೊಮ್ಮೆ. ಹಸು ಮಾತ್ರ ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಲೇ ಇತ್ತು.

ಆ ದ್ರವದ ಒಂದು ಹನಿಯನ್ನು ಡಾಕ್ಟರಮ್ಮ ಸೂಕ್ಷ್ಮದರ್ಶಕದಡಿ ತೋರಿಸಿದರು. ಹನಿಯ ತುಂಬ ಜೀವಗಳು! ಓಡುವವು, ಗಿರಕಿ ಹೊಡೆಯುವವು, ಒಂದನ್ನೊಂದು ತಳ್ಳುವವು.

“ಹುಲ್ಲು ಕರಗಿಸೋರು ಇವರೇ,” ಎಂದರು. “ಅದರಿಂದಲೇ ಹಸುಗೆ ಶಕ್ತಿ, ನಮಗೆ ಹಾಲು. ನುಚ್ಚು ಒಂದೇ ಸಲ ಬಿದ್ರೆ ಹುಳಿ ಏರಿ ಇವರು ಸಾಯ್ತಾರೆ. ಹುಲ್ಲು ಅಗಿಯೋವಾಗ ಬರೋ ಜೊಲ್ಲೇ ಹುಳಿಗೆ ಮದ್ದು. ದಿನಕ್ಕೆ ಹತ್ತು ಬಿಂದಿಗೆ ಜೊಲ್ಲು ಸುರಿಸ್ತಾಳೆ ಈ ತಾಯಿ.”

ಮೇವಿನಕ್ಕ ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ.

“ಅರವತ್ತು ಬಾಯಿಗೆ ಬಡಿಸ್ತಿದೀನಿ ಅಂದ್ಕೊಂಡಿದ್ದೆ ಡಾಕ್ಟರಮ್ಮ,” ಎಂದಳು ಕೊನೆಗೆ. ಮತ್ತೆ ಆ ಹನಿಯನ್ನು ನೋಡಲು ಬಗ್ಗಿದಳು.

ಕೈಗವಸು ತೊಟ್ಟಿದ್ದರೂ ತೋಳಿನ ವಾಸನೆ ಎರಡು ದಿನ ಹೋಗಲಿಲ್ಲ. ಗಂಡ ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋಗಿ ಉಂಡ. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಡೈರಿಯಲ್ಲಿ ನುಚ್ಚು ಇಳಿಯಿತು. ಕತ್ತರಿಸಿದ ಹುಲ್ಲು, ಹಿಂಡಿ, ನುಚ್ಚು ಎಲ್ಲ ಬೆರೆಸಿ ದಿನಕ್ಕೆ ನಾಲ್ಕು ಸಲ ಹಾಕತೊಡಗಿದಳು. ನುಚ್ಚನ್ನೇ ಹೆಕ್ಕಿ ತಿನ್ನುವ ಜಾಣೆಯರಿಗಾಗಿ ನೀರು ಚಿಮುಕಿಸಿ ಹುಲ್ಲಿಗೆ ಅಂಟಿಸಿದಳು. ತಿಂಗಳೊಳಗೆ ಸಗಣಿ ಗಟ್ಟಿಯಾಯಿತು, ಜಿಡ್ಡು ಏರಿತು. ಕರಿ ಹಸುವೂ ಮೇವಿಗೆ ತಿರುಗಿತು. ಆದರೆ ಅದರ ಗೊರಸು ಪೂರ್ತಿ ಸರಿಹೋಗಲಿಲ್ಲ, ಕುಂಟುವುದು ಉಳಿಯಿತು. ಆ ಕುಂಟನ್ನು ಕಂಡಾಗಲೆಲ್ಲ ಅವಳು ನುಚ್ಚಿನ ಅಳತೆಯನ್ನು ಮತ್ತೊಮ್ಮೆ ನೋಡುತ್ತಿದ್ದಳು.

ಮುಂದೊಮ್ಮೆ ಹಸುವೊಂದರ ಹೆರಿಗೆ ಮಾಡಿಸಲು ಡಾಕ್ಟರಮ್ಮ ಬಂದಾಗ, ಈಗ ಹುಟ್ಟಿದ ಕರುವಿನ ಹೊಟ್ಟೆಗೆ ಆ ಜೀವಗಳು ಎಲ್ಲಿಂದ ಬರುತ್ತವೆಂದು ಕೇಳಿದಳು. ಸುತ್ತಲಿನ ಹುಲ್ಲಿನಿಂದ, ಜೊತೆಯ ದನಗಳಿಂದ, ತಾಯಿಯ ಜೊಲ್ಲಿನಿಂದ ಎಂದರು ಅವರು.

ಹಸು ಆಗಲೇ ಕರುವಿನ ಮೂತಿ ನೆಕ್ಕುತ್ತಿತ್ತು. ಒರೆಸಲೆಂದು ತಂದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಮೇವಿನಕ್ಕ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.