ಇಳಿಯದ ನಾಡಿ

ಮಳೆಗಾಲಕ್ಕೆ ಮೊದಲು ಕಪಾಟು ಒರೆಸುವಾಗ ಎದೆಗೆ ಕಟ್ಟುವ ಆ ಕಪ್ಪು ಪಟ್ಟಿ ಸಿಕ್ಕಿತು. ಹೃದಯದ ಬಡಿತವನ್ನು ಕೈಗಡಿಯಾರಕ್ಕೆ ಕಳಿಸುವ ಪಟ್ಟಿ. ಮೂಗಿನ ಹತ್ತಿರ ಹಿಡಿದೆ. ಹಳೆಯ ಬೆವರಿನ ಹುಳಿವಾಸನೆ ಇನ್ನೂ ಇತ್ತು... ಅದರೊಡನೆ ಅಕ್ಕೋರು ನೆನಪಾದರು.

ಕುಮಟೆಯ ಶಾಲೆಯಲ್ಲಿ ನಮಗೆ ಆಟ ಕಲಿಸಿದ ಟೀಚರು ಅವರು; ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತರಾಗಿ ಹತ್ತಿರದ ಬಾಡ ಎಂಬ ಊರಲ್ಲಿದ್ದರು. ನಲವತ್ತು ದಾಟಿದ ಮೇಲೆ ನಾನು ಸೈಕಲ್ ಕೊಂಡಾಗ, ಕರೆಯದೆಯೇ ತಮ್ಮ ಸೈಕಲ್ ಹತ್ತಿ ಜೊತೆಗೆ ಹೊರಟುಬಂದರು. ಬಡಿತದ ವೇಗವನ್ನು ನಿಧಾನದಿಂದ ಜೋರಿನವರೆಗೆ ಐದು ವಲಯ ಮಾಡಿ, ನನ್ನನ್ನು ಎರಡನೆಯದರಲ್ಲೇ ಕಟ್ಟಿಹಾಕಿದರು.

"ಮಾತಾಡ್ತಾ ತುಳಿ ತಂಗೀ. ಮಾತು ತುಂಡಾತು ಅಂದ್ರೆ ಜೋರಾತು ಅಂತ ತಿಳ್ಕೊ," ಎನ್ನುತ್ತಿದ್ದರು.

ತಿಂಗಳುಗಟ್ಟಲೆ ನಿಧಾನ ತುಳಿದು ನನಗೆ ಬೇಜಾರು ಬಂದಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡವರೂ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಕೊನೆಗೊಂದು ಭಾನುವಾರ ಭಟ್ಕಳದವರೆಗೆ ಹೋಗಲು ಅವರ ಅಪ್ಪಣೆ ಸಿಕ್ಕಿತು.

ಹೊನ್ನಾವರದ ಸೇತುವೆ ದಾಟುವವರೆಗೂ ಎಲ್ಲ ಸರಿಯಿತ್ತು. ಮಂಕಿ ಊರು ಹತ್ತಿರವಾಗುವಾಗ, ಸಪಾಟು ರಸ್ತೆಯಲ್ಲಿ, ಗಡಿಯಾರದ ಹಸಿರು ಗೆರೆ ಇದ್ದಕ್ಕಿದ್ದಂತೆ ಕೆಂಪಾಯಿತು. ಐದನೆಯ ವಲಯ! ನಾನು ಜೋರಾಗಿ ತುಳಿದೇ ಇರಲಿಲ್ಲ.

"ಪಟ್ಟಿ ಒಣಗಿರ್ಬೇಕು ಅಕ್ಕೋರೇ, ಒಣಗಿದ್ರೆ ತಪ್ಪು ತೋರಿಸ್ತದೆ..."

ಅವರು ಸೈಕಲ್ ನಿಲ್ಲಿಸಿದರು. ಪಟ್ಟಿಗೆ ನೀರು ಹಾಕಿ ಮತ್ತೆ ಬಿಗಿಯಾಗಿ ಕಟ್ಟಿಸಿದರು. ತೆಂಗಿನ ನೆರಳಲ್ಲಿ ಕೂತು ಕಾದೆವು. ಲಾರಿಗಳು ಒಂದರ ಹಿಂದೊಂದು ಹೋದವು. ಕೆಂಪು ಇಳಿಯಲಿಲ್ಲ. ಅಕ್ಕೋರು ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟರು. ಅವರ ಮುಖ ಬಿಳಿಚಿಕೊಂಡಿತು.

"ಎಂತದೂ ಆಗೂದಿಲ್ಲ. ಭಟ್ಕಳ ಮುಟ್ವ," ಎಂದು ನಾನು ಎದ್ದೆ.

ಅವರು ತಮ್ಮ ಸೈಕಲ್ಲನ್ನು ನನ್ನ ಚಕ್ರಕ್ಕೆ ಅಡ್ಡ ಇಟ್ಟರು. "ಕೂತ್ಕೊ ಅಂದೆ!" ಶಾಲೆಯಲ್ಲೂ ಅವರ ಆ ದನಿ ಕೇಳಿರಲಿಲ್ಲ.

ಮರುಕ್ಷಣ ಹೆದ್ದಾರಿಯ ನಡುವೆ ಕೈ ಅಗಲಿಸಿ ನಿಂತಿದ್ದರು. ಹಾರ್ನ್ ಬಡಿಯುತ್ತಾ ಬಂದ ಮೀನಿನ ಟೆಂಪೊ ಅವರಿಂದ ಮಾರುದೂರದಲ್ಲಿ ನಿಂತಿತು. ಚಾಲಕ ಬೈಯಲು ಬಾಯಿ ತೆರೆದವನು ನನ್ನನ್ನು ನೋಡಿ ಕೆಳಗಿಳಿದು, ನನ್ನನ್ನು ಹತ್ತಿಸಿಕೊಂಡ. ಅಷ್ಟರಲ್ಲಿ ನನ್ನ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಹೊನ್ನಾವರದ ಆಸ್ಪತ್ರೆಗೆ ವಾಪಸು ಹೋಗುವ ದಾರಿಯುದ್ದಕ್ಕೂ ಅಕ್ಕೋರು ನನ್ನ ಕೈ ಬಿಡಲಿಲ್ಲ. "ಈಗ ಎಷ್ಟು?" ಎಂದು ಕೇಳಿದೆ. ಸದಾ ಗಡಿಯಾರ ನೋಡು ಎನ್ನುತ್ತಿದ್ದವರು ಅದನ್ನು ಅಂಗೈಯಿಂದ ಮುಚ್ಚಿದರು. "ನನ್ನ ನೋಡು," ಎಂದರು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಬಡಿತ ಹದಕ್ಕೆ ಬಂತು. ಹೃದಯದ ಲಯ ತಪ್ಪಿತ್ತಂತೆ. ಹಾಗೆಯೇ ತುಳಿದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅಕ್ಕೋರು ಆಗ ಮಂಚದ ಅಂಚಿನಲ್ಲಿ ಕುಸಿದು ಕೂತರು.

"ನನ್ನ ತಮ್ಮ ಓಡ್ತಾ ಓಡ್ತಾ ಬಿದ್ದ, ಮತ್ತೆ ಏಳ್ಲಿಲ್ಲ. ಎದೆ ಹೊಡ್ಕಳ್ತದೆ ಅಕ್ಕಾ ಅಂದಿದ್ದ. ಇನ್ನೊಂದು ಸುತ್ತು ಓಡು, ಸರಿಯಾಗ್ತದೆ ಅಂದವಳು ನಾನೇ..."

ಇಷ್ಟು ಹೇಳಿ ಅಂಗೈಯಿಂದ ಮುಖ ಒರೆಸಿಕೊಂಡು, ನನಗೆ ಗಂಜಿ ತರಲು ಹೊರಗೆ ಹೋದರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ನಾನೂ ಕೆದಕಲಿಲ್ಲ.

ಕಳೆದ ಮಳೆಗಾಲದಲ್ಲಿ ಜ್ವರ ಹಿಡಿದು ವಾರದೊಳಗೆ ಅಕ್ಕೋರು ಹೋಗಿಬಿಟ್ಟರು. ನಾನು ಔಷಧಿ ನುಂಗುತ್ತಾ, ಈಗಲೂ ನಿಧಾನವಾಗಿ ತುಳಿಯುತ್ತೇನೆ. ಇವತ್ತು ಬೆಳಿಗ್ಗೆ ಬಾಡದ ಕಡೆಗೇ ಹೋಗಿ ಬಂದೆ. ಆ ತಮ್ಮನ ಹೆಸರೇನೆಂದು ಒಮ್ಮೆಯಾದರೂ ಕೇಳಬೇಕಿತ್ತು. ಈಗ ಅವನ ಹೆಸರು ಹೇಳುವವರು ಅಕ್ಕೋರ ಮನೆಯಲ್ಲಿ ಯಾರೂ ಇಲ್ಲ.