ಭಾರಿ ಅಂದರೆ ಬೇರೆ

ಮೊನ್ನೆ ಗದಗಿನ ಬಜಾರದಲ್ಲಿ ಅಂಗಡಿಯವರು ಕುಪ್ಪಸದ ಖಣದ ಥಾನು ಬಿಚ್ಚಿ ನನ್ನ ಮುಂದೆ ಹರವಿದರು. ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಬಣ್ಣ ಆರಿಸುವುದನ್ನು ಬಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಬೆಟಗೇರಿಯ ನಮ್ಮ ಓಣಿಯಲ್ಲಿ, ನಮ್ಮ ಗೋಡೆಗೆ ಗೋಡೆ ಹಚ್ಚಿದ್ದ ಮನೆಯಲ್ಲಿ, ದಿನವಿಡೀ ಇದೇ ವಾಸನೆ ಇರುತ್ತಿತ್ತು. ಜೊತೆಗೆ ಹೊಲಿಗೆ ಯಂತ್ರದ ಎಣ್ಣೆಯದೂ ಸ್ವಲ್ಪ... ಅದು ಚಾಚಿಯ ಮನೆ.

ಚಾಚಿ ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುತ್ತಿದ್ದಳು. ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಮದುವೆಯಾಗಿ ಬಂದದ್ದು ಬೆಟಗೇರಿಗೆ. ಎಂಥ ಹೆಂಗಸು ಬಂದು ನಿಂತರೂ ಅವಳ ಬಾಯಿಂದ ‘ದಪ್ಪ’ ಎಂಬ ಮಾತು ಬರುತ್ತಿರಲಿಲ್ಲ. ಅದು ಸಭ್ಯತೆಗಾಗಿ ಅಂತ ನನಗೆ ಅನಿಸಿಲ್ಲ. ಅದಕ್ಕಿಂತ ರುಚಿಯಾದ ಮಾತುಗಳು ಅವಳ ಹತ್ತಿರ ಬೇಕಾದಷ್ಟಿದ್ದವು, ಅಷ್ಟೆ.

ಅವಳು ಗುಂಡಿ ಹಚ್ಚುತ್ತಾ ಕೂತಿದ್ದಾಗ ಒಮ್ಮೆ ನಾನು ಕೇಳಿದ್ದೆ, ಎಲ್ಲದಕ್ಕೂ ‘ದೊಡ್ಡದು’ ಅಂದರೆ ಸಾಲದೇ ಅಂತ. ಅವಳು ಹಲ್ಲಿನಲ್ಲಿ ಹಿಡಿದಿದ್ದ ದಾರ ಕಚ್ಚಿ ತುಂಡು ಮಾಡಿದಳು.

“ಹ್ಯಾಂಗ ಸಾಲತೈತಿ? ನಿಮ್ಮನಿ ನೀರಿನ ಹಂಡೆ ದೊಡ್ಡದು. ನಮ್ಮೂರ ಮಸೂತಿ ಭಾರಿ, ಗುಡೀನೂ ಭಾರಿ. ಹಂಡೇಗೆ ಭಾರಿ ಅಂದ್ರ ಮಸೂತಿಗೆ ಏನಂತೀ?”

ಜಬರ್ದಸ್ತ್ ಅನ್ನುವುದು ನೋಡಿದರೆ ಸ್ವಲ್ಪ ಅಂಜಿಕೆ ಬರುವಂಥದ್ದಕ್ಕೆ: ಹೋರಿಗೆ, ಪೈಲ್ವಾನನಿಗೆ, ಅವಳ ಅತ್ತೆಗೆ. ಭರ್ಜರಿ ಅಂದರೆ ಖರ್ಚು ಕಾಣಬೇಕು, ಮದುವೆಯದಾದರೂ ಸರಿ, ಸೀರೆ ಸೆರಗಿನದಾದರೂ ಸರಿ. ಅಗಾಧ ಅನ್ನುವುದು ನಂಬಲಾಗದ್ದಕ್ಕೆ. ಅವಳ ಗಂಡ ಚಾಚಾ ಹೇಳಿದ ಹೊತ್ತಿಗೆ ಮನೆಗೆ ಬಂದ ದಿನ ಮಾತ್ರ ಅವಳು “ಇವತ್ತ ಅಗಾಧ ಆತು ನೋಡ್ರಿ” ಎಂದು ಗೋಡೆಯಾಚೆಯ ನಮಗೆಲ್ಲ ಕೇಳುವಂತೆ ಸಾರುತ್ತಿದ್ದಳು.

ನನಗೆ ಈ ಲೆಕ್ಕಾಚಾರದಲ್ಲಿ ಯಾಕೆ ಅಷ್ಟು ಆಸಕ್ತಿ ಅಂದರೆ, ನಾನು ಚಿಕ್ಕಂದಿನಿಂದಲೂ ದೊಡ್ಡವಳು. ಎತ್ತರ ಇದ್ದೆ, ಎತ್ತರಕ್ಕೆ ತಕ್ಕ ಅಗಲವೂ ಇತ್ತು. ಗೋಡೆಗಳ ಮೇಲೆ ‘ಬೃಹತ್ ಸಮಾವೇಶ’ದ ಪೋಸ್ಟರ್ ಅಂಟಿಸಿದಾಗಲೆಲ್ಲ ನಮ್ಮ ದೊಡ್ಡಪ್ಪನ ಮಗ ನನ್ನ ಕಡೆ ನೋಡಿ ನಗುತ್ತಿದ್ದ, ಅವನಿಗೆ ನಾನು ‘ಬೃಹತ್’. ಓಣಿಯ ಹುಡುಗರು ನನ್ನನ್ನು ಬಿಂಕದಕಟ್ಟಿಯ ಮೃಗಾಲಯಕ್ಕೆ ಕಳಿಸಬೇಕು ಅನ್ನುತ್ತಿದ್ದರು. ಅವ್ವ ಬೀಗರ ಮುಂದೆ “ಎತ್ತರದ ಹುಡುಗಿರಿ” ಎಂದು ಅರ್ಧ ಸತ್ಯ ಹೇಳಿ, ಉಳಿದರ್ಧ ನುಂಗಿಕೊಳ್ಳುತ್ತಿದ್ದಳು. ನನಗೆ ಇವೆಲ್ಲ ನೋಯುತ್ತಿದ್ದವು. ನಗುತ್ತಿದ್ದೆ ನಿಜ, ಆದರೆ ನೋಯುತ್ತಿದ್ದವು.

ನೋಡಲು ಬಂದ ಎರಡು ಗಂಡಿನ ಕಡೆಯವರು ಚಹಾ ಕುಡಿದು ಹೋಗಿ ಸುಮ್ಮನಾದ ಮೇಲೆ ಮೂರನೆಯ ಸಂಬಂಧ ಬಂತು. ತಂದವಳು ಹಿರೇಹಂದಿಗೋಳದ ನಮ್ಮ ಸೋದರತ್ತೆ. ಹುಡುಗ ಮುಂಡರಗಿಯಲ್ಲಿ ಹೈಸ್ಕೂಲು ಮಾಸ್ತರ, ಮೂಲ ತುಮಕೂರಿನ ಕಡೆ. ಇದೂ ತಪ್ಪಿದರೆ ಇನ್ನು ಇವಳಿಗೆ ಎಲ್ಲಿ ಹುಡುಕೋಣ ಎಂದು ಅಪ್ಪ ಅವ್ವನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅವತ್ತು ಹುಡುಗನ ತಾಯಿ, ಸೋದರಮಾವ ಇಬ್ಬರೇ ಮೊದಲು ಬರುವವರಿದ್ದರು. ಅವ್ವ ಉಪ್ಪಿಟ್ಟು ಮಾಡಿದ್ದಳು, ಮೇಲೆ ಗೋಡಂಬಿ ಬೇರೆ.

ಹೆಣ್ಣು ನೋಡುವ ಮೊದಲು ಬಾಜೂ ಮನೆಯಲ್ಲಿ ವಿಚಾರಿಸುವುದು ಎಲ್ಲ ಕಡೆಯ ಪದ್ಧತಿ. ಅವರೂ ಚಾಚಿಯ ಬಾಗಿಲಲ್ಲಿ ನಿಂತು, ಹುಡುಗಿ ಹೇಗಿದಾಳಮ್ಮ ಎಂದು ಕೇಳಿದರು. ನಡುವಿನ ಗೋಡೆ ತೆಳು. ಜಡೆಗೆ ಹೂವು ಮುಡಿಯುತ್ತಿದ್ದ ನನಗೆ ಎಲ್ಲ ಕೇಳಿಸಿತು.

“ಆ ಹುಡುಗೀನs? ಭಾರಿ ಅದಾಳ್ರಿ! ಹಿಂಥಾ ಭಾರಿ ಹುಡುಗಿ ಈ ಓಣ್ಯಾಗ ಮತ್ತೊಬ್ಬಾಕಿ ಇಲ್ಲ, ಖರೆ ಹೇಳ್ತೀನಿ.”

ಮಸೂತಿಗೂ ಗುಡಿಗೂ ಎತ್ತಿಟ್ಟಿದ್ದ ಮಾತನ್ನು ಚಾಚಿ ನನಗೆ ಕೊಟ್ಟಿದ್ದಳು! ಕನ್ನಡಿಯಲ್ಲಿ ನನ್ನ ಮುಖ ನಾನೇ ಎರಡು ಸಲ ನೋಡಿಕೊಂಡೆ. ಆಮೇಲೆ ಚಪ್ಪಲಿಗಳ ಸದ್ದು ನಮ್ಮ ಬಾಗಿಲಿಗೆ ಬರುತ್ತದೆಂದು ಕಾದೆ. ಸದ್ದು ಓಣಿಯ ಆ ತುದಿಗೆ ಹೋಯಿತು.

ಸಂಜೆ ಸೋದರತ್ತೆ ಬಂದು ಸುದ್ದಿ ಹೇಳಿದಳು. “ಹುಡುಗಿ ಸಿಕ್ಕಾಪಟ್ಟಿ ಭಾರ ಅಂತ ಬಾಜೂ ಮನಿಯಾಕಿನs ಕೈ ಅಗಲ ಮಾಡಿ ತೋರಿಸಿದ್ಲಂತ. ಮತ್ತ ನೋಡೂದ್ಯಾಕ ಅಂತ ತಿರುಗಿ ಹೋದ್ರವಾ.”

ಅವರ ತುಮಕೂರಿನ ಕಡೆ ಭಾರಿ ಅಂದರೆ ತೂಕ. ಅವ್ವನ ಸಿಟ್ಟು ನೆತ್ತಿಗೇರಿತು. ನೇರ ಚಾಚಿಯ ಬಾಗಿಲಿಗೆ ಹೋಗಿ, “ನನ್ನ ಮಗಳ ಬಾಳೇವು ಕೆಡಿಸಿದೆಲ್ಲವಾ” ಎಂದು ಕೂಗಿದಳು. “ನಾ ಹೊಗಳೀನಲ್ಲವಾ...” ಎಂದಷ್ಟೇ ಅಂದಳು ಚಾಚಿ. ನಾನು ಅಡುಗೆಮನೆಯಲ್ಲಿ ಕೂತು ಅಳುತ್ತಾ, ಬೀಗರಿಗೆಂದು ಮಾಡಿದ್ದ ಉಪ್ಪಿಟ್ಟನ್ನು ಗೋಡಂಬಿ ಸಮೇತ ಖಾಲಿ ಮಾಡಿದೆ. ತಪ್ಪು ತಿಳಿದವರ ಮೇಲೂ ಸಿಟ್ಟು ಮಾಡುವಂತಿರಲಿಲ್ಲ. ಅವರು ತಿಳಿದ ಅರ್ಥವೂ ಸುಳ್ಳಲ್ಲವಲ್ಲ.

ಮರುದಿನ ಚಾಚಿಯ ಯಂತ್ರದ ಸದ್ದಿಲ್ಲ. ಲಕ್ಷ್ಮೇಶ್ವರದ ಬಸ್ಸು ಬಿಟ್ಟರೆ ಬೇರೆ ಬಸ್ಸನ್ನು ಒಬ್ಬಳೇ ಹತ್ತದವಳು ಅವತ್ತು ಮುಂಡರಗಿ ಬಸ್ಸು ಹತ್ತಿ, ಕೇಳುತ್ತಾ ಕೇಳುತ್ತಾ ಆ ಹೈಸ್ಕೂಲಿಗೆ ಹೋಗಿದ್ದಳಂತೆ. ಅಲ್ಲಿ ನಡೆದ ಮಾತು ನನಗೆ ತಿಳಿದದ್ದು ಮದುವೆಯಾದ ಮೇಲೆ, ಆ ಮಾಸ್ತರರ ಬಾಯಿಂದಲೇ.

“ನಾ ಅಂದ ಭಾರಿ ಬ್ಯಾರೆ, ನಿಮ್ಮವ್ವ ತಿಳಕೊಂಡ ಭಾರಿ ಬ್ಯಾರೆರಿ ಸರ್” ಎಂದು ಶುರು ಮಾಡಿದಳಂತೆ. ಇವರು ಎಷ್ಟೆಂದರೂ ಮಾಸ್ತರರು, ಪ್ರಶ್ನೆ ಕೇಳದೆ ಬಿಟ್ಟಾರೆಯೇ? “ಹಾಗಾದ್ರೆ ಹುಡುಗಿ ದಪ್ಪ ಇಲ್ಲ ಅನ್ನಿ?” ಎಂದು ಕೇಳಿದರಂತೆ.

ಅಲ್ಲಿ ಒಂದು ಸಣ್ಣ ಸುಳ್ಳು ಹೇಳಿದ್ದರೆ ಯಾರೂ ಚಾಚಿಯನ್ನು ಬೈಯುತ್ತಿರಲಿಲ್ಲ. ಅವ್ವ ಅಂತೂ ಕೈ ಮುಗಿಯುತ್ತಿದ್ದಳು. ಆದರೆ ಚಾಚಿ ಹೇಳಿದ್ದು ಇಷ್ಟು: “ದೊಡ್ಡಾಕಿ ಅದಾಳ್ರಿ. ಎತ್ತರ ಅದಾಳ, ಅಗಲ ಅದಾಳ. ಅಕೀ ಕುಪ್ಪಸ ಹೊಲಿಯಾಕಿ ನಾನs. ನಿಮಗ ಸಣ್ಣಾಕಿ ಬೇಕಿದ್ರ ಬರಬ್ಯಾಡ್ರಿ. ಆದ್ರ ಅಕಿ ನಕ್ಕರ ನಮ್ಮ ಗ್ವಾಡಿ ಈಚೆ ನಾವೂ ನಗತೀವಿ. ಅದಕ್ಕs ನಾ ಭಾರಿ ಅಂದದ್ದು.”

ಮುಂದಿನ ರವಿವಾರ ಅವರು ತಾಯಿಯನ್ನು ಕರೆದುಕೊಂಡು ಬಂದರು. ಅವರ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ “ಪರವಾಗಿಲ್ಲ” ಅಂದರು. ಅದು ಯಾವ ಅಳತೆಯ ಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮದುವೆಯ ಕುಪ್ಪಸ ಚಾಚಿಯೇ ಹೊಲಿದಳು. ಅವ್ವ ಅವಳಿಗೆ ಬೈದದ್ದನ್ನು ಮರೆತು ಹೋಳಿಗೆ ಕಟ್ಟಿ ಕೊಟ್ಟಳು, ಅವಳು ಬೈಸಿಕೊಂಡದ್ದನ್ನು ಮರೆತು ತಿಂದಳು.

ಚಾಚಿ ತೀರಿಕೊಂಡು ಬಹಳ ವರ್ಷವಾಯಿತು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯ ಜನ. ನನ್ನ ಬದುಕಿಗೂ ಕೊರತೆ ಅಂತ ಹೇಳುವಂಥದ್ದೇನಿಲ್ಲ. ನಮ್ಮ ಮನೆಯವರು ನಿವೃತ್ತರಾಗಿ ಗದಗಿನಲ್ಲೇ ಮನೆ ಕಟ್ಟಿಸಿದ್ದಾರೆ. ಇಷ್ಟು ವರ್ಷವಾದರೂ ಐತಿ ಅನ್ನಲು ಹೋಗಿ ಐತೆ ಅನ್ನುತ್ತಾರೆ.

ಮೊನ್ನೆ ಆ ಖಣ ಕೊಂಡು ಹೊಲಿಸಲು ಹೊಸ ಅಂಗಡಿಗೆ ಹೋದೆ. ಹುಡುಗಿ ಟೇಪು ಸುತ್ತಿ, ನನಗೆ ಬೇಜಾರಾಗಬಾರದೆಂದು ಮೆಲ್ಲಗೆ, “ಸ್ವಲ್ಪ ಹೆಲ್ದಿ ಅದೀರಿ ಮೇಡಂ” ಅಂದಳು. ಪಾಪ, ಒಳ್ಳೆಯ ಹುಡುಗಿ. ನಾನೂ ನಕ್ಕೆ. ಮನೆಯವರು ಆಗಾಗ ನನ್ನನ್ನು ಭಾರಿ ಅನ್ನುವುದುಂಟು, ಅದರಲ್ಲಿ ಅರ್ಧ ಚೇಷ್ಟೆ. ನನ್ನ ಮೈಯ ಒಂದೊಂದು ಅಳತೆಯೂ ಗೊತ್ತಿದ್ದು, ಚೇಷ್ಟೆಯಿಲ್ಲದೆ ಆ ಮಾತು ಹೇಳಿದವಳು ಒಬ್ಬಳೇ... ಅವಳು ಈಗಿಲ್ಲ.